ಮನುಷ್ಯರಿಗಿಂತ ಮಣ್ಣೇ ಹೆಚ್ಚೇನ್ರಿ? ಪ್ಯಾಸೆಂಜರ್ ಗಾಡಿಯ ಖರ್ಚಿನ ಲೆಕ್ಕ

ಹೊಸಪೇಟೆ ಕಡೆಯಿಂದ ಬಳ್ಳಾರಿಗೆ ಬರುತ್ತಿದ್ದ ಪ್ಯಾಸೆಂಜರ್ ಗಾಡಿ ಒಂದು ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ (ಬೇರೆ ಗಾಡಿಗೆ ದಾರಿ ಬಿಡಲು ಇರುವ ಬದಿಯ ಹಳಿ) ಹೊರಳಿ ನಿಂತುಬಿಟ್ಟಿತು. ಏಪ್ರಿಲ್ ಬಿಸಿಲು. ಫ್ಯಾನು ತಿರುಗುತ್ತಿದ್ದರೂ ಅದು ಕೊಡುತ್ತಿದ್ದುದು ಬಿಸಿಗಾಳಿ. ಎದುರು ಸೀಟಿನ ಹಿರಿಯರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಹದಿನೈದು ನಿಮಿಷ ಕಳೆದ ಮೇಲೆ ಪಕ್ಕದ ಹಳಿಯ ಮೇಲೆ ಅದಿರು ತುಂಬಿದ ಗೂಡ್ಸ್ ಬಂತು. ಕೆಂಪು ಧೂಳು ಮೆತ್ತಿಕೊಂಡ ವ್ಯಾಗನ್ನುಗಳು ಒಂದರ ಹಿಂದೊಂದು ಗಡಗಡ ಎನ್ನುತ್ತ ಹೋದವು, ಮುಗಿಯುವಂತೆಯೇ ಕಾಣಲಿಲ್ಲ.

‘ನೋಡ್ರಿ ಸರ, ನಮ್ಮನ್ನ ಇಲ್ಲಿ ನಿಲ್ಲಿಸಿ ಅದನ್ನ ಬಿಟ್ರು. ಮನುಷ್ಯರಿಗಿಂತ ಮಣ್ಣೇ ಹೆಚ್ಚಾತೇನ್ರಿ ಇವರಿಗೆ?’ ಅಂದರು ಹಿರಿಯರು.

ನಿಯಮ ಕೇಳಿದರೆ ಪ್ರಯಾಣಿಕರ ಗಾಡಿಗೇ ಮೊದಲ ದಾರಿ. ಆದರೆ ಎಲ್ಲ ಕಡೆ ನಿಂತು ನಿಂತು ಹೋಗುವ ಪ್ಯಾಸೆಂಜರಿನ ಬೆನ್ನಿಗೆ ತುಂಬಿದ ಗೂಡ್ಸ್ ಬಿದ್ದರೆ ಕಂಟ್ರೋಲ್ ರೂಮಿನಲ್ಲಿ ಕೂತವರ ಲೆಕ್ಕವೇ ಬೇರೆ. ಐದು ಸಾವಿರ ಟನ್ನಿನ ಆಸುಪಾಸಿನ ಭಾರವನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ವೇಗಕ್ಕೆ ತರುವಷ್ಟರಲ್ಲಿ ಹಿಂದಿನ ಇಡೀ ಸೆಕ್ಷನ್ ಕಾಯಬೇಕು. ಹಾಗಾಗಿ ನಮ್ಮನ್ನು ಬದಿಗೆ ಸರಿಸುತ್ತಾರೆ. ಇಷ್ಟನ್ನು ಹಿರಿಯರಿಗೆ ಹೇಳಿದೆ. ಹೇಳದೆ ಉಳಿದದ್ದು ಇನ್ನೊಂದಿತ್ತು: ಅವರ ಪ್ರಯಾಣಕ್ಕೆ ತಗಲುವ ಖರ್ಚಿನ ಹೆಚ್ಚುಕಡಿಮೆ ಅರ್ಧವನ್ನು ಆಗಲೇ ಪಕ್ಕದಲ್ಲಿ ಹೋದ ಆ ಮಣ್ಣೇ ಕೊಟ್ಟಿತ್ತು.

ಕೆಲವು ವರ್ಷಗಳ ಹಿಂದೆ ರೈಲ್ವೆಯವರು ಇದನ್ನು ಟಿಕೆಟ್ಟಿನ ಮೇಲೇ ಅಚ್ಚು ಹಾಕುತ್ತಿದ್ದರು. ಪ್ರಯಾಣಕ್ಕೆ ತಗಲುವ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ನಿಮ್ಮಿಂದ ವಸೂಲು ಮಾಡುತ್ತಿದ್ದೇವೆ ಎಂಬ ಸಾಲು. ಓದಿದವರಿಗೆ ಉಪಕಾರ ಹೊರಿಸಿದಂತೆ ಕಿರಿಕಿರಿಯಾಗುತ್ತಿತ್ತು, ನನಗೂ ಆಗಿತ್ತು. 2025ರ ಮಾರ್ಚಿನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ರಾಜ್ಯಸಭೆಯಲ್ಲಿ ಇದನ್ನೇ ಪೈಸೆಯ ಲೆಕ್ಕದಲ್ಲಿ ಹೇಳಿದರು: ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು 1 ರೂಪಾಯಿ 38 ಪೈಸೆ ಖರ್ಚು, ಪಡೆಯುವುದು 73 ಪೈಸೆ. ಬಳ್ಳಾರಿಯಿಂದ ಹುಬ್ಬಳ್ಳಿಗೆ ಸುಮಾರು 210 ಕಿ.ಮೀ. ಈ ಸರಾಸರಿ ಹಿಡಿದರೆ ಖರ್ಚು 290 ರೂಪಾಯಿ, ಬರುವುದು 153. ಜನರಲ್ ಬೋಗಿಯಲ್ಲಿ ಹೋಗುವವರು ಅಷ್ಟನ್ನೂ ಕೊಡುವುದಿಲ್ಲ, ಎಸಿಯವರು ಹೆಚ್ಚು ಕೊಡುತ್ತಾರೆ. ಆರ್ಡಿನರಿ ಪ್ಯಾಸೆಂಜರಿನ ಕನಿಷ್ಠ ದರ ಇವತ್ತಿಗೂ 10 ರೂಪಾಯಿ. ಕೋವಿಡ್ ಕಾಲದಲ್ಲಿ ಪ್ಯಾಸೆಂಜರಿಗೂ ಎಕ್ಸ್‌ಪ್ರೆಸ್ ದರ ಹಾಕಿ ಅದನ್ನು 30ಕ್ಕೆ ಏರಿಸಿದ್ದರು, 2024ರಲ್ಲಿ ಮತ್ತೆ ಇಳಿಸಿದರು.

ಹಾಗಾದರೆ ಆ 1 ರೂಪಾಯಿ 38 ಪೈಸೆ ಹೋಗುವುದೆಲ್ಲಿಗೆ? ಡೀಸೆಲ್ಲು, ಕರೆಂಟು ಅಂತ ನಾವೆಲ್ಲ ಮೊದಲು ಹೇಳುತ್ತೇವೆ. ಅದು ಎಂಟನೆಯ ಒಂದು ಪಾಲೂ ಇಲ್ಲ.

ಬಸ್ಸಿನಿಂದ ಶುರು ಮಾಡಿದರೆ ಸುಲಭ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋಗೆ ಹೋಗಿ ಕೇಳಿದರೆ ಪ್ರತಿ ಕಿಲೋಮೀಟರಿಗೆ ಖರ್ಚೆಷ್ಟು, ಆದಾಯವೆಷ್ಟು ಎಂದು ರೂಟಿನ ಪ್ರಕಾರ ತೋರಿಸುತ್ತಾರೆ. ಡೀಸೆಲ್ಲು, ಟೈರು, ಡ್ರೈವರು, ಕಂಡಕ್ಟರು, ಬಸ್ಸಿನ ಸವಕಳಿ, ಡಿಪೋ ಸಿಬ್ಬಂದಿ, ತೆರಿಗೆ. ರಾಯಚೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ಗುಂಡಿ ಮುಚ್ಚುವ ಖರ್ಚು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದು ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿ ಪ್ರಾಧಿಕಾರದ್ದೋ ತಲೆನೋವು. ಸರ್ಕಲ್ಲಿನ ಸಿಗ್ನಲ್ ದೀಪ ಉರಿಸುವುದು, ಅಲ್ಲಿ ಪೊಲೀಸನ್ನು ನಿಲ್ಲಿಸುವುದು ಕೂಡ ಬಸ್ಸಿನ ಲೆಕ್ಕಕ್ಕೆ ಬರುವುದಿಲ್ಲ.

ರೈಲ್ವೆ ಇವೆಲ್ಲವನ್ನೂ ತಾನೇ ಹೊರಬೇಕು. ದಾರಿ ಅದರದೇ, ಸಿಗ್ನಲ್ಲು ಅದರದೇ, ಗೇಟು ಹಾಕುವವನು ಅದರವನೇ, ಮೇಲಿನ ತಂತಿ, ಸೇತುವೆ, ಸ್ಟೇಷನ್ನಿನ ನಲ್ಲಿ ನೀರು, ರಕ್ಷಣಾ ಪಡೆ, ಆಸ್ಪತ್ರೆ ಎಲ್ಲವೂ. ಬಸ್ಸಿನ ಟಿಕೆಟ್ಟನ್ನೂ ರೈಲಿನ ಟಿಕೆಟ್ಟನ್ನೂ ಪಕ್ಕಪಕ್ಕ ಇಟ್ಟು ಯಾವುದು ಸಮರ್ಥ ಎಂದು ವಾದಿಸುವವರು ಇದನ್ನು ಮರೆಯುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲವಾದ್ದರಿಂದ ನಮ್ಮ ಕಡೆ ಆ ಹೋಲಿಕೆ ಇನ್ನಷ್ಟು ಕಲಸಿಹೋಗಿದೆ, ಅದು ಬಿಡಿ.

ಅದೇ ಮಾರ್ಚ್ ತಿಂಗಳಲ್ಲಿ ಸಚಿವರು ರೈಲ್ವೆಯ ಒಟ್ಟು ಖರ್ಚನ್ನೂ ಬಿಡಿಸಿಟ್ಟಿದ್ದರು. ವರ್ಷಕ್ಕೆ ಸುಮಾರು 2.75 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸಿಬ್ಬಂದಿಗೆ 1.16 ಲಕ್ಷ ಕೋಟಿ, ಸುಮಾರು 15 ಲಕ್ಷ ನಿವೃತ್ತರ ಪಿಂಚಣಿಗೆ 66 ಸಾವಿರ ಕೋಟಿ, ಇಂಧನ ಮತ್ತು ವಿದ್ಯುತ್ತಿಗೆ 32 ಸಾವಿರ ಕೋಟಿ, ಸಾಲದ ಬಾಬ್ತು 25 ಸಾವಿರ ಕೋಟಿ. ಇದನ್ನು ನೂರು ರೂಪಾಯಿ ನೋಟಾಗಿ ಮಾಡಿಕೊಂಡರೆ 42 ರೂಪಾಯಿ ಈಗ ದುಡಿಯುವವರಿಗೆ, 24 ಹಿಂದೆ ದುಡಿದವರಿಗೆ, 12ರ ಹತ್ತಿರ ಕರೆಂಟು-ಡೀಸೆಲ್ಲಿಗೆ, 9 ಸಾಲ ಕೊಟ್ಟವರಿಗೆ. ಬಿಡಿಭಾಗ, ರಿಪೇರಿ ಸಾಮಾನು, ಗುತ್ತಿಗೆ, ಬೆಡ್‌ಶೀಟು, ಫಿನಾಯಿಲು ಎಲ್ಲ ಸೇರಿ ಉಳಿದ 13ರಲ್ಲಿ ಮುಗಿಯಬೇಕು. ಇದು ಗೂಡ್ಸ್, ಪ್ಯಾಸೆಂಜರ್ ಎರಡೂ ಸೇರಿದ ಲೆಕ್ಕ. ಅಂದರೆ ಮೂರರಲ್ಲಿ ಎರಡು ಪಾಲು ಮನುಷ್ಯರದು.

ಒಂದು ಗಾಡಿಗೆ ಇಷ್ಟೊಂದು ಮನುಷ್ಯರೇಕೆ ಬೇಕು? ಬೋಗಿಯಲ್ಲಿ ಕೂತವರಿಗೆ ಕಾಣುವುದು ಟಿಟಿಇ ಒಬ್ಬರೇ, ಅದೂ ಪ್ಯಾಸೆಂಜರಿನಲ್ಲಿ ಅಪರೂಪ. ಇಂಜಿನ್ನಿನಲ್ಲಿ ಇಬ್ಬರು, ಕೊನೆಯಲ್ಲಿ ಗಾರ್ಡ್ ಒಬ್ಬರು (2022ರಿಂದ ಅವರ ಹೆಸರು ಟ್ರೇನ್ ಮ್ಯಾನೇಜರ್, ಆದರೆ ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ). ಆದರೆ ಈ ಮೂವರನ್ನು ಹುಬ್ಬಳ್ಳಿಯಿಂದ ಬಳ್ಳಾರಿಗೆ ತಂದರೆ ಅವತ್ತಿನ ಕೆಲಸ ಬಹುಪಾಲು ಮುಗಿದಂತೆ. ಇಂಜಿನ್ ಓಡಿಸುವವರಿಗೆ ಇಷ್ಟು ತಾಸಿನ ಮೇಲೆ ಕೂಡದು ಎಂಬ ಮಿತಿಯಿದೆ. ಪೂರ್ತಿ ಪಾಳಿ ಮಾಡಿದ್ದರೆ ಪರವೂರಿನ ರನ್ನಿಂಗ್ ರೂಮಿನಲ್ಲಿ 8 ತಾಸು, ತಮ್ಮೂರಿಗೆ ಮರಳಿದ ಮೇಲೆ 16 ತಾಸು ವಿಶ್ರಾಂತಿ ಕೊಡಬೇಕು. ಕೊಡಲೇಬೇಕಾದ್ದು ಅದು, ಕಣ್ಣು ಮುಚ್ಚಿಹೋದರೆ ಸಿಗ್ನಲ್ ದಾಟುತ್ತದೆ. ಹಾಗಾಗಿ ದಿನಕ್ಕೊಂದು ಗಾಡಿ ಎಂದು ನಮಗೆ ಕಾಣುವುದಕ್ಕೆ ಹಲವು ಜೋಡಿ ಸಿಬ್ಬಂದಿ ಸರದಿಯಲ್ಲಿ ಇರಬೇಕು. ನಮ್ಮ ಗಾಡಿ ಲೂಪಿನಲ್ಲಿ ನಿಂತ ಆ ಹದಿನೈದು ನಿಮಿಷವೂ ಅವರ ಪಾಳಿಯಿಂದಲೇ ಕಳೆದುಹೋಯಿತು.

ಗಾಡಿಯಲ್ಲಿ ಇಲ್ಲದವರೇ ಹೆಚ್ಚು. ಬೆಳಿಗ್ಗೆ ಹೊತ್ತು ಹಳಿಯಗುಂಟ ಒಬ್ಬರೇ ನಡೆದು ಹೋಗುವ ಕೀಮ್ಯಾನ್‌ನನ್ನು ನೋಡಿರುತ್ತೀರಿ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರು, ಕಂಕುಳಲ್ಲಿ ಕೆಂಪು ಹಸಿರು ಬಾವುಟ, ಚೀಲದಲ್ಲಿ ಅಪಾಯ ಕಂಡರೆ ಹಳಿಗೆ ಕಟ್ಟಲು ಪಟಾಕಿ. ತನ್ನ ಪಾಲಿನ ಐದಾರು ಕಿಲೋಮೀಟರು ಒಂದು ಹಳಿ ನೋಡುತ್ತ ಹೋಗಿ ಇನ್ನೊಂದು ಹಳಿ ನೋಡುತ್ತ ಬರುತ್ತಾನೆ. ಸಡಿಲವಾದ ಕ್ಲಿಪ್ಪಿಗೆ ಏಟು ಹಾಕುತ್ತಾನೆ, ಬಿದ್ದದ್ದನ್ನು ಮತ್ತೆ ಕೂರಿಸುತ್ತಾನೆ. ಮರುದಿನ ಮತ್ತೆ ಅದೇ. ಆ ದಿನ ಆ ಹಳಿಯ ಮೇಲೆ ಎರಡು ಗಾಡಿ ಓಡಲಿ, ಇಪ್ಪತ್ತು ಗಾಡಿ ಓಡಲಿ, ಆತನ ನಡಿಗೆ ತಪ್ಪುವಂತಿಲ್ಲ.

ಬಳ್ಳಾರಿ-ರಾಯಚೂರಿನ ಬೇಸಿಗೆಯಲ್ಲಿ ಆ ಕೆಲಸ ಇನ್ನೂ ಬಿಗಿ. ಉಕ್ಕಿನ ಹಳಿಯನ್ನು ಅದರ ಪಾಡಿಗೆ ಬಿಟ್ಟರೆ ಬಿಸಿ 30 ಡಿಗ್ರಿ ಏರಿದಾಗ ಒಂದು ಕಿಲೋಮೀಟರ್ ಉದ್ದದ ಹಳಿ ಒಂದಡಿಗಿಂತ ಹೆಚ್ಚು ಬೆಳೆಯಬೇಕು. ಹಿಂದೆ ಜೋಡಣೆಯ ನಡುವೆ ಸಂದು ಬಿಡುತ್ತಿದ್ದರು, ಟಕಟಕ ಸದ್ದು ಅದರದ್ದೇ. ಈಗ ಉದ್ದುದ್ದ ಬೆಸೆದ ಹಳಿ. ಬೆಳೆಯಲು ಜಾಗವಿಲ್ಲದ ಆ ಹಳಿಯನ್ನು ಹಿಡಿದಿಡುವುದು ಸ್ಲೀಪರು (ಹಳಿಯ ಕೆಳಗಿನ ಅಡ್ಡ ತೊಲೆ), ಕ್ಲಿಪ್ಪು, ಅವುಗಳ ಸುತ್ತ ತುಂಬಿದ ಜಲ್ಲಿ. ಜಲ್ಲಿ ಸರಿದ ಕಡೆ ಹಳಿ ಹಾವಿನಂತೆ ಪಕ್ಕಕ್ಕೆ ಬಾಗಬಹುದು. ಅದಕ್ಕೇ ಹಳಿಯ ಬಿಸಿ ಗೊತ್ತುಪಡಿಸಿದ ಮಟ್ಟ ದಾಟಿದರೆ ನಡುಮಧ್ಯಾಹ್ನ ಗಸ್ತು ಶುರು. ಮುಖ್ಯ ಮಾರ್ಗದ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ. ಎರಡು ಹಳಿ ಸೇರಿ ಕಿಲೋಮೀಟರಿಗೆ 120 ಟನ್ ಉಕ್ಕು, ಕೆಳಗೆ 1,660ರಷ್ಟು ಕಾಂಕ್ರೀಟ್ ಸ್ಲೀಪರು. ಗಾಡಿ ಬರಲಿ ಬಿಡಲಿ, ಇಷ್ಟನ್ನು ನೆಟ್ಟಗೆ ಇಟ್ಟುಕೊಂಡೇ ಇರಬೇಕು.

ರೈಲಿನ ಖರ್ಚಿನಲ್ಲಿ ನಾನು ಮುಖ್ಯ ಎಂದುಕೊಂಡಿರುವುದು ಇದೇ: ಖರ್ಚು ತರುವವನು ಪ್ರಯಾಣಿಕನಲ್ಲ. ಓಡಲು ಸಿದ್ಧವಾಗಿರುವುದಕ್ಕೇ ಹೆಚ್ಚು ದುಡ್ಡು ಬೇಕು, ಆಮೇಲೆ ಗಾಡಿ ಓಡಿಸುವುದಕ್ಕೆ ಒಂದಿಷ್ಟು. ಹೊರಟ ಗಾಡಿಗೆ ನೀವು ಹತ್ತಿದರೆ ಹೆಚ್ಚುವರಿ ಖರ್ಚು ಹೆಚ್ಚುಕಡಿಮೆ ಸೊನ್ನೆ.

ಊರೂರಿನ ಉದಾಹರಣೆಯಲ್ಲೇ ನೋಡೋಣ. ರಾಯಚೂರು ಮುಂಬೈ-ಚೆನ್ನೈ ಹೆದ್ದಾರಿಯಂಥ ಮಾರ್ಗದ ಮೇಲಿದೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಅತ್ತ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೈ ಕುಲುಕಿದ್ದೇ ಅಲ್ಲಿ. ಅತ್ತ ಕುಷ್ಟಗಿ ರೈಲು ಕಂಡದ್ದು 2025ರ ಮೇ ತಿಂಗಳಲ್ಲಿ, ಗದಗ-ವಾಡಿ ಹೊಸ ಮಾರ್ಗದ ಒಂದು ತುಂಡು ತಳಕಲ್ಲಿನಿಂದ ಅಲ್ಲಿವರೆಗೆ ಮುಗಿದಾಗ. ಲೆಕ್ಕಕ್ಕೆಂದು ಒಂದು ಕಿಲೋಮೀಟರ್ ದಾರಿ ಸುಸ್ಥಿತಿಯಲ್ಲಿಡಲು ದಿನಕ್ಕೆ 6,000 ರೂಪಾಯಿ ಎಂದು ಹಿಡಿಯಿರಿ (ಇದು ನಾನು ಹಿಡಿದ ಅಂಕಿ, ಎರಡೂ ಕಡೆ ಒಂದೇ ಇರಲಾರದು). ದಿನಕ್ಕೆ 60 ಗಾಡಿ ಓಡುವ ದಾರಿಯಲ್ಲಿ ಪ್ರತಿ ಗಾಡಿಯ ಪಾಲಿಗೆ 100 ರೂಪಾಯಿ. 4 ಗಾಡಿ ಓಡುವ ದಾರಿಯಲ್ಲಿ 1,500. ಟಿಕೆಟ್ ದರ ಮಾತ್ರ ಎರಡೂ ಕಡೆ ಕಿಲೋಮೀಟರಿಗೆ ಒಂದೇ.

ಹೊಸ ಮಾರ್ಗ ಬಂದ ತಾಲ್ಲೂಕುಗಳಲ್ಲಿ ‘ಹಳಿ ಹಾಕಿದರು, ಗಾಡಿ ಮಾತ್ರ ಒಂದೇ ಬಿಟ್ಟರು’ ಎಂಬ ದೂರು ಏಳುವುದು ಇಲ್ಲಿಯೇ. ಗಿಣಿಗೇರಾ-ಮಹಬೂಬ್‌ನಗರ ಮಾರ್ಗವೂ ಹಾಗೇ ತುಂಡು ತುಂಡಾಗಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಬಂತು. ಕಟ್ಟುವ ಖರ್ಚಿನಲ್ಲಿ ರಾಜ್ಯ ಸರ್ಕಾರ ಅರ್ಧ ಹೊರುತ್ತದೆ, ಭೂಮಿಯನ್ನೂ ಕೊಡುತ್ತದೆ. ಕಟ್ಟಿ ಮುಗಿದ ಮೇಲೆ ಓಡಿಸುವ ಖರ್ಚು ರೈಲ್ವೆಯದು. ಒಂದೇ ಗಾಡಿ ಬಿಟ್ಟರೆ ಆ ಗಾಡಿಯ ಮೇಲೆ ಬೀಳುವ ಭಾರ ಹೆಚ್ಚು, ನಷ್ಟ ಕಣ್ಣಿಗೆ ರಾಚುತ್ತದೆ. ನಷ್ಟ ನೋಡಿ ಎರಡನೆಯ ಗಾಡಿ ಬಿಡುವುದಿಲ್ಲ. ಒಂದೇ ಗಾಡಿಯಿದ್ದರೆ ಬೆಳಿಗ್ಗೆ ಹೋದವರಿಗೆ ಸಂಜೆ ಬರುವ ಹೊತ್ತು ಹೊಂದುವುದಿಲ್ಲ, ಜನ ಬಸ್ಸು ಹತ್ತುತ್ತಾರೆ. ಇದು ಬಾವಿ ಕಟ್ಟೆ ಮೇಲಿನ ಜಗಳದಂತೆ, ಯಾರು ಮೊದಲು ಹಗ್ಗ ಬಿಡಬೇಕು ಎಂಬುದೇ ತೀರ್ಮಾನವಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹಳಿಗೆ ಅಷ್ಟು ಸುರಿದ ಮೇಲೆ ಎರಡನೆಯ, ಮೂರನೆಯ ಗಾಡಿ ಬಿಡುವುದೇ ಅಗ್ಗ. ಅದಕ್ಕೆ ಬೇಕಾದ ಹೊಸ ಖರ್ಚು ಮೊದಲನೆಯದಕ್ಕಿಂತ ಎಷ್ಟೋ ಕಡಿಮೆ.

ಈಗ ಕರೆಂಟಿಗೆ ಬರೋಣ. ಹನ್ನೆರಡು ಬೋಗಿ, ಒಂದು ಇಂಜಿನ್ನು, ಜನ ಸೇರಿ 600 ಟನ್ ಎನ್ನಿ. ಸಾವಿರ ಟನ್ನನ್ನು ಒಂದು ಕಿಲೋಮೀಟರ್ ಎಳೆಯಲು 20 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಬಳ್ಳಾರಿಯಿಂದ ಹುಬ್ಬಳ್ಳಿಗೆ ಸುಮಾರು 2,500 ಯೂನಿಟ್, 15 ಸಾವಿರ ರೂಪಾಯಿ. ಇಡೀ ದಾರಿಯಲ್ಲಿ ಹತ್ತಿ ಇಳಿದ 600 ಮಂದಿ ತಲೆಗೆ 30 ರೂಪಾಯಿ ಟಿಕೆಟ್ ತೆಗೆದಿದ್ದರೆ ಬಂದದ್ದು 18 ಸಾವಿರ. ಕರೆಂಟಿನ ಬಿಲ್ ಕಟ್ಟಿ ಉಳಿದ 3 ಸಾವಿರದಲ್ಲಿ ಇಂಜಿನ್ ಓಡಿಸುವ ಪೈಲಟ್ಟು, ಗಾರ್ಡು, ಸ್ಟೇಷನ್ ಮಾಸ್ಟರು, ಕೀಮ್ಯಾನು, ಬೋಗಿ ರಿಪೇರಿ ಎಲ್ಲರಿಗೂ ಹಂಚಬೇಕು. ಅಂಕಿಗಳನ್ನು ನೀವು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ, ಕೊನೆಗೆ ಕೈಗೆ ಬರುವುದು ಖೋತಾ ಬಜೆಟ್ಟೇ.

ನಿಲುಗಡೆಯ ಖರ್ಚನ್ನು ಮಾತ್ರ ಊಹೆಯಿಲ್ಲದೆ ಪುಸ್ತಕದ ಸೂತ್ರದಿಂದಲೇ ತೆಗೆಯಬಹುದು. 600 ಟನ್ನಿನ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಓಟದಲ್ಲಿ ಅಡಗಿರುವ ಶಕ್ತಿ ಸುಮಾರು 64 ಯೂನಿಟ್. ಒಂದು ಸಣ್ಣ ಮನೆಗೆ ಒಂದು ತಿಂಗಳಿಗೆ ಸಾಕಾಗುವ ಕರೆಂಟು. ಬ್ರೇಕು ಹಾಕಿದಾಗ ಹಳೆಯ ಪದ್ಧತಿಯಲ್ಲಿ ಅದೆಲ್ಲ ಬ್ರೇಕ್ ಬ್ಲಾಕಿನಲ್ಲಿ ಬಿಸಿಯಾಗಿ ಹಾರಿಹೋಗುತ್ತದೆ, ಹೊರಡುವಾಗ ಮತ್ತೆ ಅಷ್ಟನ್ನು ತಂತಿಯಿಂದ ಎಳೆಯಬೇಕು. ಈಗಿನ ತ್ರೀ-ಫೇಸ್ ಇಂಜಿನ್ನುಗಳೂ ಬೇರೆ ಇಂಜಿನ್ನಿಲ್ಲದೆ ಬೋಗಿಯಲ್ಲೇ ಮೋಟಾರಿರುವ ಹೊಸ ಮೆಮು ಗಾಡಿಗಳೂ ಬ್ರೇಕಿನ ಹೊತ್ತಿನಲ್ಲಿ ಒಂದಿಷ್ಟು ಕರೆಂಟನ್ನು ತಂತಿಗೆ ಮರಳಿಸುತ್ತವೆ, ಪೂರ್ತಿ ಅಲ್ಲ. ‘ನಮ್ಮೂರಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿ’ ಎಂಬ ಮನವಿ ಪತ್ರ ಬಂದಾಗ ಅಧಿಕಾರಿಗಳು ಟಿಕೆಟ್ ಎಷ್ಟು ಮಾರಾಟವಾಗುತ್ತದೆ ಎಂದು ಕೇಳುವುದು ಈ ಕಾರಣಕ್ಕೆ. ಹಾಗೆಂದು ನಿಲ್ಲದ ಗಾಡಿ ಊರಿಗೆ ಯಾಕೆ ಬೇಕು ಎಂಬ ಊರವರ ಮಾತೂ ಸುಳ್ಳಲ್ಲ.

ಬೋಗಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ತೊಳೆಯಬೇಕು, ಪಿಟ್ ಲೈನಿನಲ್ಲಿ ನಿಲ್ಲಿಸಿ ಕೆಳಗಿನಿಂದ ಪರೀಕ್ಷಿಸಬೇಕು, ಗೊತ್ತುಪಡಿಸಿದ ಅವಧಿಗೆ ಕಾರ್ಖಾನೆಗೆ ಕಳಿಸಿ ಪೂರ್ತಿ ಬಿಚ್ಚಿ ಜೋಡಿಸಬೇಕು. ಹುಬ್ಬಳ್ಳಿಯಲ್ಲಿ 1880ರ ದಶಕದಿಂದ ಇರುವ ದೊಡ್ಡ ಕಾರ್ಖಾನೆ ಇದನ್ನೇ ಮಾಡುತ್ತದೆ. ನನ್ನನ್ನು ಕಾಡುವುದು ಬೇರೆ: ಬೆಳಿಗ್ಗೆ ಬಂದ ರೇಕು (ಬೋಗಿಗಳ ಇಡೀ ಸಾಲು) ರಾತ್ರಿ ಹೊರಡುವವರೆಗೆ ಯಾರ್ಡಿನಲ್ಲಿ ಬಿಸಿಲು ಕಾಯುತ್ತ ನಿಲ್ಲುತ್ತದಲ್ಲ, ಅದು. ಕೋಟಿಗಟ್ಟಲೆಯ ಬೋಗಿಗಳು, ಅವುಗಳ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ, ಇಂಜಿನ್ ಬಿಚ್ಚಿ ತಿರುಗಿಸಿ ಹಚ್ಚುವ ಗೋಜಿಲ್ಲ. ಚಾಲಕ ಆ ತುದಿಯಿಂದ ಈ ತುದಿಗೆ ನಡೆದು ಬಂದರೆ ಹೊರಡಬಹುದು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗದಂಥ ಹತ್ತಿರದ ಊರುಗಳ ಸಾಲಿಗೆ ಹೇಳಿ ಮಾಡಿಸಿದ ಗಾಡಿ ಅದು.

ದುಬಾರಿ ಟಿಕೆಟ್ಟಿನ ಬೋಗಿಗಳಿಂದ ಲಾಭವಲ್ಲವೇ ಎಂದು ಕೇಳಬಹುದು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯಲ್ಲಿ ಸ್ಲೀಪರ್ ಆದರೆ 80 ಮಂದಿ, 3ಎಸಿ ಆದರೆ 72, 2ಎಸಿ ಆದರೆ 52, ಫಸ್ಟ್ ಎಸಿ ಆದರೆ 24. ಎಳೆಯುವ ತೂಕ ಹೆಚ್ಚುಕಡಿಮೆ ಒಂದೇ. ಸ್ಲೀಪರಿಗಿಂತ ಎಂಟೇ ಮಂದಿ ಕಡಿಮೆ ಕೂರಿಸಿ ಎರಡೂವರೆ ಪಟ್ಟಿನಷ್ಟು ದರ ತೆಗೆಯುವ 3ಎಸಿ ತನ್ನ ಖರ್ಚು ತಾನು ಹೊತ್ತುಕೊಂಡು ಲಾಭ ತೋರಿಸಿದ್ದನ್ನು ಮಹಾಲೇಖಪಾಲರ ವರದಿಗಳು ಎಷ್ಟೋ ವರ್ಷ ಎತ್ತಿ ಹೇಳಿವೆ. ಫಸ್ಟ್ ಎಸಿ ಅಷ್ಟು ದರ ಕೊಟ್ಟೂ ಹಾಗೆ ಮಿಂಚಲಿಲ್ಲ. ಹಳೆಯ ಸ್ಲೀಪರ್ ಬೋಗಿ ಕಡಿಮೆಯಾಗಿ 3ಎಸಿ ಹೆಚ್ಚುತ್ತಿರುವುದರ ಹಿಂದೆ ಈ ಲೆಕ್ಕವೂ ಇದೆ, ಬರೀ ಪ್ರಯಾಣಿಕರ ಸುಖವಲ್ಲ.

ಇಲ್ಲಿಯವರೆಗೆ ನಾನು ‘ಪ್ಯಾಸೆಂಜರಿನ ಖರ್ಚು’ ಎಂದು ಸಲೀಸಾಗಿ ಹೇಳುತ್ತ ಬಂದೆ. ಆದರೆ ಅದನ್ನು ಬೇರ್ಪಡಿಸುವುದೇ ದೊಡ್ಡ ತಕರಾರು. ಗಂಗಾವತಿಯ ಒಬ್ಬ ರೈತ ಸಾಲ ಮಾಡಿ ಟ್ರ್ಯಾಕ್ಟರ್ ತಂದಿದ್ದಾನೆನ್ನಿ. ಬೆಳಿಗ್ಗೆ ತನ್ನ ಭತ್ತದ ಗದ್ದೆ ಹೊಡೆಯುತ್ತಾನೆ, ಮಧ್ಯಾಹ್ನ ಬಾಡಿಗೆಗೆ ಹೋಗುತ್ತಾನೆ. ಡೀಸೆಲ್ಲನ್ನು ಬೇರೆ ಮಾಡಬಹುದು. ತಿಂಗಳ ಕಂತನ್ನು ಹೇಗೆ ಹಂಚುವುದು? ತಾಸಿನ ಮೇಲೋ, ಎಕರೆಯ ಮೇಲೋ, ಬಂದ ದುಡ್ಡಿನ ಮೇಲೋ? ಒಂದೊಂದು ರೀತಿಯಲ್ಲಿ ಹಂಚಿದರೆ ಗದ್ದೆ ಲಾಭವೂ ಆಗುತ್ತದೆ, ನಷ್ಟವೂ ಆಗುತ್ತದೆ.

ರೈಲ್ವೆಯಲ್ಲಿ ಒಂದೇ ಹಳಿಯ ಮೇಲೆ ಅದಿರೂ ಹೋಗುತ್ತದೆ, ನಾವೂ ಹೋಗುತ್ತೇವೆ. ತುಂಬಿದ ಅದಿರಿನ ವ್ಯಾಗನ್ನಿನ ಪ್ರತಿ ಅಚ್ಚು ಹಳಿಯ ಮೇಲೆ 22 ಟನ್ನಿಗೂ ಮಿಕ್ಕಿ ಭಾರ ಹಾಕುತ್ತದೆ, ನಮ್ಮ ಬೋಗಿಯದು ಅದಕ್ಕಿಂತ ಬಹಳ ಕಡಿಮೆ. ಹಳಿ ಸವೆಸುವುದು ಅದಿರು. ಆದರೆ ಹಳಿಯನ್ನು 110, 130ರ ವೇಗಕ್ಕೆ ನುಣುಪಾಗಿ ಇಡಬೇಕಾದ್ದು, ಪ್ಲಾಟ್‌ಫಾರ್ಮು, ದೀಪ, ನೀರು, ಟಿಕೆಟ್ ಕೌಂಟರು ಬೇಕಾದ್ದು ನಮಗಾಗಿ. ಯಾವ ಖರ್ಚು ಯಾರ ತಲೆಗೆ ಎಂಬುದಕ್ಕೆ ರೈಲ್ವೆಯ ಲೆಕ್ಕಪತ್ರ ವಿಭಾಗಕ್ಕೆ ಅದರದೇ ಸೂತ್ರಗಳಿವೆ. ಆ 1 ರೂಪಾಯಿ 38 ಪೈಸೆ ಬರುವುದು ಅಂಥ ಸೂತ್ರದಿಂದ. ಹಾಗಾಗಿ ನಾಳೆ ಎಲ್ಲ ಪ್ಯಾಸೆಂಜರ್ ಗಾಡಿ ನಿಲ್ಲಿಸಿದರೆ ರೈಲ್ವೆಗೆ ಅಷ್ಟೂ ಉಳಿಯುತ್ತದೆ ಎಂದು ತಿಳಿಯಬೇಡಿ. ಕೀಮ್ಯಾನ್ ಆಗಲೂ ನಡೆಯಬೇಕು, ಪಿಂಚಣಿ ಆಗಲೂ ಕೊಡಬೇಕು.

ಸೂತ್ರ ಹೇಗೇ ಇರಲಿ, ದುಡ್ಡು ಬರುವ ದಿಕ್ಕಿನ ಬಗ್ಗೆ ಅನುಮಾನವಿಲ್ಲ. 2023-24ರಲ್ಲಿ ರೈಲ್ವೆಗೆ ಸರಕಿನಿಂದ ಬಂದದ್ದು ಸುಮಾರು 1.68 ಲಕ್ಷ ಕೋಟಿ, ಪ್ರಯಾಣಿಕರಿಂದ ಸುಮಾರು 70 ಸಾವಿರ ಕೋಟಿ. ರೈಲು ಹೊರುವ ಸರಕಿನ ತೂಕದಲ್ಲಿ ಅರ್ಧದಷ್ಟು ಕಲ್ಲಿದ್ದಲು. ಅದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಾವು ದೂರ ನೋಡಬೇಕಿಲ್ಲ. ರಾಯಚೂರಿನ ಶಕ್ತಿನಗರ, ಕುಡತಿನಿಯ ಬಳ್ಳಾರಿ ಉಷ್ಣ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಕಾರ್ಖಾನೆಗೆ ಬರುವ ಕಲ್ಲಿದ್ದಲಿನ ಒಂದು ಪಾಲು ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದು ಕುಳೆಂ-ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬರುತ್ತದೆ. ಅಲ್ಲಿ 37 ಅಡಿ ಮುಂದೆ ಹೋದರೆ ಒಂದಡಿ ಏರು, ಹಿಂದಿನಿಂದ ತಳ್ಳಲು ಬೇರೆ ಇಂಜಿನ್ನುಗಳೇ ಬೇಕು.

ಕಲ್ಲಿದ್ದಲು ಸಾಗಿಸಲು ತಗಲುವ ನಿಜ ಖರ್ಚಿಗಿಂತ ಹೆಚ್ಚು ಬಾಡಿಗೆ ಹಾಕಿ, ಆ ಮಿಗುತಾಯದಿಂದ ಟಿಕೆಟ್ಟನ್ನು ಅಗ್ಗ ಮಾಡುತ್ತಾರೆ. ಹೆಚ್ಚು ಬಾಡಿಗೆ ಕಟ್ಟಿದ ವಿದ್ಯುತ್ ಸ್ಥಾವರ ಅದನ್ನು ಯೂನಿಟ್ಟಿನ ಬೆಲೆಗೆ ಸೇರಿಸುತ್ತದೆ, ಉಕ್ಕಿನವರು ಕಬ್ಬಿಣದ ಸರಳಿಗೆ ಸೇರಿಸುತ್ತಾರೆ. ಕೊಪ್ಪಳದಲ್ಲಿ ಮನೆ ಕಟ್ಟುತ್ತಿರುವವರು ಸರಳು ಕೊಳ್ಳುವಾಗ ಯಾರದೋ ಟಿಕೆಟ್ಟಿಗೆ ಚಿಲ್ಲರೆ ಹಾಕುತ್ತಿರುತ್ತಾರೆ, ರೈಲು ಹತ್ತದಿದ್ದರೂ. 2022-23ರಲ್ಲಿ ಪ್ರಯಾಣಿಕರಿಗೆ ಹೀಗೆ ಸಿಕ್ಕ ರಿಯಾಯಿತಿ 56,993 ಕೋಟಿ ಎಂದು ಸರ್ಕಾರವೇ ಹೇಳಿದೆ.

ಈ ಏರ್ಪಾಡಿನ ದುರ್ಬಲ ಜಾಗ ಬಳ್ಳಾರಿಯವರಿಗೆ ಚೆನ್ನಾಗಿ ಗೊತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ತುಂಬುವ ಸೈಡಿಂಗುಗಳಲ್ಲಿ ರೇಕು ಕಾಣದಾದವು. ಸರಕು ನಿಂತರೂ ಹಳಿ, ಸಿಬ್ಬಂದಿ, ಸಂಬಳ ಅಲ್ಲೇ ಇದ್ದವು. ಇನ್ನೊಂದು ಸೋರಿಕೆ ನಿಧಾನದ್ದು. ಬಾಡಿಗೆ ಹೆಚ್ಚಾದಷ್ಟೂ ಸರಕು ಲಾರಿ ಹತ್ತುತ್ತದೆ. 1950ರ ದಶಕದ ಆರಂಭದಲ್ಲಿ ದೇಶದ ಸರಕಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾಗಿ ರೈಲಿನಲ್ಲಿ ಹೋಗುತ್ತಿತ್ತು, ಈಗ ಮೂರನೆಯ ಒಂದು ಪಾಲೂ ಇಲ್ಲ. ಸಂಡೂರಿನ ರಸ್ತೆಯ ಲಾರಿ ಸಾಲಿನಲ್ಲಿ ಒಮ್ಮೆ ಸಿಕ್ಕಿಕೊಂಡವರಿಗೆ ಇದಕ್ಕೆ ಸಾಕ್ಷಿ ಬೇಡ. ಕಲ್ಲಿದ್ದಲು ಉರಿಸುವುದೇ ಕಡಿಮೆಯಾದ ದಿನ ಈ ಚಿಲ್ಲರೆ ಎಲ್ಲಿಂದ ಬರುತ್ತದೆ ಎಂಬುದನ್ನು ರೈಲ್ವೆ ಈಗಲೇ ಯೋಚಿಸಬೇಕು.

ದರ ಏರಿಸಬಾರದೇ? ಏರಿಸುತ್ತಾರೆ, ಅಂಜುತ್ತ ಅಂಜುತ್ತ. 2025ರ ಜುಲೈ 1ರಂದು ಎಸಿಯಲ್ಲದ ಎಕ್ಸ್‌ಪ್ರೆಸ್ಸಿಗೆ ಕಿಲೋಮೀಟರಿಗೆ 1 ಪೈಸೆ, ಎಸಿಗೆ 2 ಪೈಸೆ ಏರಿತು. 500 ಕಿ.ಮೀ.ವರೆಗಿನ ಆರ್ಡಿನರಿ ಸೆಕೆಂಡ್ ಕ್ಲಾಸಿಗೂ ಸೀಸನ್ ಪಾಸಿಗೂ ಏನೂ ಏರಲಿಲ್ಲ. ಸಚಿವರ ಲೆಕ್ಕದ ಪ್ರಕಾರ ಕಂದಕ 65 ಪೈಸೆ, ಹಾಕಿದ ಮಣ್ಣು ಒಂದೋ ಎರಡೋ ಪೈಸೆ. ಪೂರ್ತಿ ಮುಚ್ಚಲು ಹೊರಟರೆ ಜನರಲ್ ಬೋಗಿಯ ಜನ ಇಳಿದುಹೋಗುತ್ತಾರೆ, ಸೀಟು ಖಾಲಿಯಾದರೂ ಗಾಡಿಯ ಖರ್ಚು ಇಳಿಯುವುದಿಲ್ಲ.

ವರ್ಷದ ಕೊನೆಗೆ ಪತ್ರಿಕೆಯಲ್ಲಿ ‘ಕಾರ್ಯಾಚರಣೆ ಅನುಪಾತ’ ಎಂದೊಂದು ಅಂಕಿ ಬರುತ್ತದೆ. ನೂರು ರೂಪಾಯಿ ಗಳಿಸಲು ಎಷ್ಟು ಖರ್ಚಾಯಿತು ಎಂಬುದು ಅದು. 2021-22ರಲ್ಲಿ 107 ದಾಟಿತ್ತು, 2023-24ರಲ್ಲಿ 98.43. ನೂರಕ್ಕೆ ಒಂದೂವರೆ ರೂಪಾಯಿ ಉಳಿತಾಯ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಳೆಯದಾದ ಹಳಿ, ಬೋಗಿ ಬದಲಿಸಲೆಂದು ವರ್ಷವರ್ಷ ತೆಗೆದಿಡಬೇಕಾದ ಸವಕಳಿ ನಿಧಿಗೆ ಕೆಲವು ವರ್ಷ ಕೆಲವೇ ನೂರು ಕೋಟಿ ಹಾಕಿ ಕೈತೊಳೆದುಕೊಂಡದ್ದುಂಟು, ಲೆಕ್ಕ ಪರಿಶೋಧಕರು ಆಕ್ಷೇಪಿಸಿದ್ದೂ ಉಂಟು. ಮನೆಯ ಚಾವಣಿ ರಿಪೇರಿ ಮುಂದೂಡಿ ಈ ತಿಂಗಳು ಖರ್ಚು ಕಡಿಮೆಯಾಯಿತು ಅಂದಂತೆ. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್ಟಿನಲ್ಲಿ ಸೇರಿತು. ಈಚಿನ ವರ್ಷಗಳಲ್ಲಿ ಹೊಸ ಹಳಿ, ಹೊಸ ಬೋಗಿಗೆ ಬಹುಪಾಲು ಕೇಂದ್ರದ ಖಜಾನೆಯೇ ದುಡ್ಡು ಕೊಡುತ್ತಿದೆ. ಅದು ಈ ಅನುಪಾತದಲ್ಲಿ ಕಾಣುವುದಿಲ್ಲ.

ಗೂಡ್ಸ್ ಹೋದ ಮೇಲೂ ನಮಗೆ ಸಿಗ್ನಲ್ ಸಿಗಲಿಲ್ಲ, ಅದರ ಬೆನ್ನಿಗೆ ಇನ್ನೊಂದು ಗಾಡಿಯಿತ್ತು. ಹಿರಿಯರು ಚಿತ್ರದುರ್ಗದ ಕಡೆಯವರಂತೆ, ಬಳ್ಳಾರಿಯಲ್ಲಿ ಇಳಿದು ರಾಯದುರ್ಗದ ಮೇಲಿನ ಗಾಡಿ ಹಿಡಿಯುವವರು. ಆ ಕಡೆಯದು ಒಂಟಿ ಹಳಿ. ಎದುರಿನ ಗಾಡಿ ಬರುವವರೆಗೆ ಇದು ನಿಲ್ಲಬೇಕು, ಇದು ಹೋಗುವವರೆಗೆ ಅದು. ಬಳ್ಳಾರಿಯಿಂದ ಚಿಕ್ಕಜಾಜೂರಿನವರೆಗೆ 185 ಕಿ.ಮೀ. ಜೋಡಿ ಹಳಿ ಹಾಕಲು 2025ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದೆ, ಅಂದಾಜು 3,342 ಕೋಟಿ. ಹಾಕುತ್ತಿರುವುದು ಅದಿರಿಗಾಗಿಯೇ, ಮಂಗಳೂರು ಬಂದರಿಗೂ ದಾರಿಯಾಗಲೆಂದು. ಆದರೂ ಎದುರು ಗಾಡಿಗೆ ಕಾಯುವ ನಿಮಿಷಗಳು ಉಳಿದರೆ, ಅವತ್ತು ಹೋದ ಸಿಬ್ಬಂದಿ ಅದೇ ಪಾಳಿಯಲ್ಲಿ ಮರಳಿ ಬರಬಹುದು, ಅದೇ ರೇಕು ದಿನಕ್ಕೆ ಇನ್ನೊಂದು ಸಲ ಹೋಗಿ ಬರಬಹುದು. ಇಷ್ಟನ್ನು ಹೇಳುವಷ್ಟರಲ್ಲಿ ಮುಂದಿನ ಇಂಜಿನ್ನು ಕೂಗಿತು. ಹಿರಿಯರು ‘ಅದೂ ಮಣ್ಣಿನ ಪುಣ್ಯಾನೇ ಅನ್ರಿ’ ಅಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.